ಒಬ್ಬರೇ ಕೂತು, ಎಲ್ಲರಿಗಾಗಿ: ಕ್ರೈಸ್ತ ಬದುಕಿನಲ್ಲಿ ಪ್ರಾರ್ಥನೆ



ಪ್ರಾರ್ಥನೆ ಲಕ್ಷ್ಮೇಶ್ವರಕ್ಕೆ ಹೊಸದಲ್ಲ. ಜೈನ ಮುನಿಗಳು ಶಂಖಬಸದಿಯಲ್ಲಿ ಧ್ಯಾನಕ್ಕೆ ಕೂತ ನೆಲ ಇದು. ಸೌರಾಷ್ಟ್ರದಿಂದ ಬಂದ ಶರಣ ಆದಯ್ಯ ಸೋಮನಾಥನನ್ನು ತಂದು ನೆಲೆಗೊಳಿಸಿದನೆಂದು ಶರಣರ ಪುರಾಣಗಳು ಕೊಂಡಾಡುವ ಹುಲಿಗೆರೆ ಇದು. ಆದಿಲ್ ಶಾಹಿ ಆಳಿಕೆಯಲ್ಲಿ, 1617ರಲ್ಲಿ ಎದ್ದ ಜಾಮಿಯಾ ಮಸೀದಿಯಲ್ಲಿ ಇಂದಿಗೂ ನಮಾಜು ನಡೆಯುತ್ತದೆ. ದೂದ್ ಪೀರಾಂ ದರ್ಗಾಕ್ಕೆ ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ. ಪಕ್ಕದ ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ ಮುಸಲ್ಮಾನರಿಬ್ಬರಿಗೂ ತನ್ನ ಬಾಗಿಲು ತೆರೆದಿಟ್ಟಿದೆ. ಇಂಥ ಊರಿನ ಸಾರ್ವಜನಿಕ ಸಭೆಯಲ್ಲಿ ಕ್ರೈಸ್ತರ ಪ್ರಾರ್ಥನೆಯನ್ನು ಕುರಿತು ಮಾತಾಡಲು ಕರೆದಿರುವುದು ನನಗೆ ಗೌರವದ ಸಂಗತಿ. ಪ್ರಾರ್ಥನೆ ಏಕೆ ಬೇಕೆಂದು ನಿಮ್ಮೆದುರು ವಾದ ಹೂಡುವ ಅಗತ್ಯವಿಲ್ಲ. ಅದನ್ನು ಈ ಊರು ನನಗಿಂತ ಚೆನ್ನಾಗಿ ಬಲ್ಲದು. ನಮ್ಮ ನೆರೆಯಲ್ಲೇ, ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಬೆಟಗೇರಿಯ ಸುತ್ತಮುತ್ತ ಬಾಳಿದ ಒಂದು ಚಿಕ್ಕ ಸಮುದಾಯ ಪ್ರಾರ್ಥನೆಯಿಂದ ಏನು ಕಲಿಯಿತು, ಎಲ್ಲಿ ಎಡವಿತು, ಎದ್ದ ಮೇಲೆ ಏನು ಮಾಡಿತು ಎಂಬುದನ್ನು ಹೇಳಲು ಬಂದಿದ್ದೇನೆ.

ನಾನು ಹೇಳಬೇಕಾದ ಮಾತು ಒಂದೇ. ಕ್ರೈಸ್ತನು ಇನ್ನೊಬ್ಬರ ಭಾರ ಹೊರಲು ಕಲಿಯುವುದು ಪ್ರಾರ್ಥನೆಯಲ್ಲಿ. ತನಗಾಗಿ ಬೇಡುವುದರಿಂದ ಅದು ಶುರುವಾಗುತ್ತದೆ. ನೆರೆಯವನ ಮನೆಯನ್ನು ಹೋಗಿ ಮುಟ್ಟದಿದ್ದರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ಯೇಸು ಪ್ರಾರ್ಥಿಸಿದ ಬಗೆ

ಮೊದಲು ಮೂಲಕ್ಕೆ ಹೋಗೋಣ. ಸುವಾರ್ತೆಗಳನ್ನು ಓದಿದವರಿಗೆ ಎದ್ದು ಕಾಣುವ ಸಂಗತಿಯೊಂದಿದೆ. ಯೇಸುವಿನ ಸುತ್ತ ಸದಾ ಜನಜಂಗುಳಿ. ಆದರೂ ಆತ ಮತ್ತೆ ಮತ್ತೆ ಜನರಿಂದ ಸರಿದು ಹೋಗುತ್ತಾನೆ. ಕಪೆರ್ನೌಮಿನಲ್ಲಿ ಸಂಜೆಯೆಲ್ಲ ರೋಗಿಗಳನ್ನು ಮುಟ್ಟಿ ಗುಣಪಡಿಸಿದವನು, ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದನೆಂದು ಮಾರ್ಕನು ಬರೆಯುತ್ತಾನೆ. ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮುನ್ನ ಬೆಟ್ಟದ ಮೇಲೆ ರಾತ್ರಿಯಿಡೀ ಪ್ರಾರ್ಥನೆಯಲ್ಲಿ ಕಳೆದನೆಂದು ಲೂಕನು ಹೇಳುತ್ತಾನೆ. ಜನರಿಂದ ದೂರ ಹೋದದ್ದು ಜನರನ್ನು ಬಿಟ್ಟುಬಿಡಲಿಕ್ಕಲ್ಲ. ಕಪೆರ್ನೌಮಿನ ಪ್ರಾರ್ಥನೆ ಮುಗಿಸಿ ಎದ್ದವನು ನೇರವಾಗಿ ಹೋದದ್ದು ಮುಂದಿನ ಊರುಗಳಿಗೆ. ಬೆಟ್ಟದಿಂದ ಇಳಿದು ಬಂದಾಗ ಆತನಿಗಾಗಿ ಕಾದಿದ್ದದ್ದು ಮತ್ತೆ ಅದೇ ರೋಗಿಗಳ ಗುಂಪು. ಏಕಾಂತದಿಂದ ಜನರ ನಡುವೆ, ಜನರಿಂದ ಮತ್ತೆ ಏಕಾಂತಕ್ಕೆ ನಡೆಯುವ ಈ ಹೋಗಿಬರುವಿಕೆಯೇ ಕ್ರೈಸ್ತ ಪ್ರಾರ್ಥನೆಯ ಮೊದಲ ಪಾಠ.

ಎರಡನೆಯ ಪಾಠವನ್ನು ಆತ ಬಾಯಿಬಿಟ್ಟು ಕಲಿಸಿದ. ಶಿಷ್ಯರು ನಮಗೆ ಪ್ರಾರ್ಥಿಸಲು ಕಲಿಸು ಎಂದು ಕೇಳಿದಾಗ ಯೇಸು ಹೇಳಿಕೊಟ್ಟ ಚಿಕ್ಕ ಪ್ರಾರ್ಥನೆಯನ್ನು ‘ಕರ್ತನ ಪ್ರಾರ್ಥನೆ’ ಎನ್ನುತ್ತೇವೆ. ಬೆಟಗೇರಿಯ ಮಗುವಾಗಲಿ ಜರ್ಮನಿಯ ಮುದುಕನಾಗಲಿ ಕಂಠಪಾಠವಾಗಿ ಹೇಳುವ ಪ್ರಾರ್ಥನೆ ಅದು. ಅದರ ಕಟ್ಟಡವನ್ನು ಗಮನಿಸಿ. ಮೊದಲ ಭಾಗದಲ್ಲಿ ಬೇಡುವವನ ಸುದ್ದಿಯೇ ಇಲ್ಲ. ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತ ಇವಷ್ಟೇ ಇವೆ. ಎರಡನೆಯ ಭಾಗಕ್ಕೆ ಬಂದಾಗ ಮನುಷ್ಯನ ಹಸಿವು, ತಪ್ಪು, ಶೋಧನೆ, ಕೇಡು ಬರುತ್ತವೆ. ಆದರೆ ಅಲ್ಲೆಲ್ಲೂ ಒಬ್ಬ ಮನುಷ್ಯ ತನಗೊಬ್ಬನಿಗೇ ರೊಟ್ಟಿ ಕೇಳುವುದಿಲ್ಲ, ತನ್ನೊಬ್ಬನ ತಪ್ಪಿಗೇ ಕ್ಷಮೆ ಕೇಳುವುದಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸು ಎಂದವನು, ಆ ಮುಚ್ಚಿದ ಕೋಣೆಯಲ್ಲಿ ಹೇಳಲು ಕೊಟ್ಟದ್ದು ಎಲ್ಲರ ಪರವಾದ ಮಾತುಗಳನ್ನು. ಸುಗ್ಗಿಯಲ್ಲಿ ಕಣ ತುಂಬಿದ ರೈತನು ದಿನದ ರೊಟ್ಟಿಗಾಗಿ ಪ್ರಾರ್ಥಿಸುವಾಗ, ಆ ರೊಟ್ಟಿಯಲ್ಲಿ ಅವನ ಹೊಲದಲ್ಲಿ ಕೂಲಿ ಮಾಡಿದವಳ ಪಾಲೂ ಸೇರಿದೆ. ಇದನ್ನು ಅರಿಯದೆ ಆ ಪ್ರಾರ್ಥನೆ ಹೇಳಿದರೆ ಬಾಯಿ ಹೇಳೀತು, ಬದುಕು ಹೇಳಲಾರದು.

ಅಲ್ಲೇ ಇನ್ನೊಂದು ಕಠಿಣವಾದ ಷರತ್ತೂ ಇದೆ. ನಮ್ಮ ತಪ್ಪುಗಳ ಕ್ಷಮೆಯನ್ನು, ನಾವು ಇತರರ ತಪ್ಪುಗಳನ್ನು ಕ್ಷಮಿಸುವುದಕ್ಕೆ ಕಟ್ಟಿಹಾಕಿದೆ. ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ತಲೆಮಾರುಗಟ್ಟಲೆ ಮಾತು ಬಿಟ್ಟಿರುವ ಮನೆಗಳು ನಮ್ಮ ಕಡೆ ಕಡಿಮೆಯಿಲ್ಲ. ಅಂಥವರು ಕರ್ತನ ಪ್ರಾರ್ಥನೆಯನ್ನು ಪ್ರತಿ ಭಾನುವಾರ ಹೇಳುತ್ತಾರೆಂದರೆ, ತಮ್ಮ ವಿರುದ್ಧ ತಾವೇ ಸಾಕ್ಷಿ ನುಡಿಯುತ್ತಿದ್ದಾರೆ.

ಬೆಟಗೇರಿಗೆ ಬಂದ ಮನೆಪ್ರಾರ್ಥನೆ

ಈ ಪ್ರಾರ್ಥನೆ ನಮ್ಮ ಸೀಮೆಗೆ ಬಂದದ್ದು ಹೇಗೆ? ಕರ್ನಾಟಕದಲ್ಲಿ ಕ್ರೈಸ್ತರ ಇತಿಹಾಸ ಹಳೆಯದು. ಲಕ್ಷ್ಮೇಶ್ವರವನ್ನು ಆಳಿದ ಅದೇ ಆದಿಲ್ ಶಾಹಿ ರಾಜ್ಯದ ಮುದಗಲ್ಲಿನಲ್ಲಿ ಕ್ಯಾಥೊಲಿಕ್ ಸಮುದಾಯವೊಂದು ಆ ಕಾಲದಿಂದಲೂ ಜಪಸರ ಹಿಡಿದು ಪ್ರಾರ್ಥಿಸುತ್ತ ಬಂದಿದೆ. ಧಾರವಾಡ ಗದಗ ಸೀಮೆಗೆ ಬಂದದ್ದು ಬಾಸೆಲ್ ಮಿಶನ್. 1815ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು.

ಇದರ ಹಿಂದಿದ್ದವರು ದೊಡ್ಡ ದೊರೆಗಳಲ್ಲ. ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರು, ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು. ಅವರು ಭಾನುವಾರದ ಚರ್ಚಿನಿಂದಷ್ಟೇ ತೃಪ್ತರಾಗದೆ ವಾರದ ನಡುವೆ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಬೈಬಲ್ ಓದಿ, ಹಾಡಿ, ಪಾದ್ರಿಯಿಲ್ಲದೆಯೂ ತಾವೇ ಬಾಯಿಬಿಟ್ಟು ಪ್ರಾರ್ಥಿಸುತ್ತಿದ್ದರು. ಪಯಟಿಸ್ಟರು ಎಂದು ಅವರನ್ನು ಕರೆಯುತ್ತಾರೆ. ಅವರ ಪ್ರಾರ್ಥನೆಯಲ್ಲಿ ತಾವು ಎಂದೂ ನೋಡದ ನಾಡುಗಳ ಹೆಸರುಗಳಿರುತ್ತಿದ್ದವು. 1855ರಿಂದ ಬಾಸೆಲ್ ಮಿಶನ್ ಅರ್ಧ ಬಾಟ್ಸೆನ್ ಎಂಬ ಪುಡಿಗಾಸಿನ ವಾರದ ವಂತಿಗೆಯನ್ನು ಏರ್ಪಡಿಸಿತು. ಬಡವರೂ ಅದರಲ್ಲಿ ಪಾಲು ಹಾಕಿದರು. ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರಿಗಾಗಿ ಕಾಸನ್ನೂ ತೆಗೆದಿಡಬೇಕು ಎಂಬುದು ಅವರ ಸರಳ ತರ್ಕ.

ಆ ಮನೆಪ್ರಾರ್ಥನೆಯೇ ಬೆಟಗೇರಿಯ ನೇಕಾರರ ಓಣಿಗೂ ಬಂತು. ಚರ್ಚಿನ ಕಟ್ಟಡಕ್ಕಿಂತ ಹೆಚ್ಚಾಗಿ ಈ ಸೀಮೆಯ ಕ್ರೈಸ್ತರನ್ನು ಕಟ್ಟಿದ್ದು ಅದು. ಇಂದಿಗೂ ನಮ್ಮ ಸಭೆಗಳಲ್ಲಿ ಮನೆ ಕಟ್ಟಲು ತಳಪಾಯ ಹಾಕಿದರೆ, ಮಗಳಿಗೆ ಗಂಡು ಗೊತ್ತಾದರೆ, ಮಗ ಪರೀಕ್ಷೆಗೆ ಹೊರಟರೆ, ಹಿರಿಯರು ತೀರಿಹೋದರೆ ಮನೆಪ್ರಾರ್ಥನೆ ಇಡುತ್ತಾರೆ. ಸಭಾಪಾಲಕರು ಬಂದರೆ ಒಳ್ಳೆಯದು, ಬರದಿದ್ದರೆ ಸಭೆಯ ಹಿರಿಯರೊಬ್ಬರು ನಡೆಸುತ್ತಾರೆ. ನೆಲಕ್ಕೆ ಜಮಖಾನೆ ಹಾಸಿ, ನೆರೆಹೊರೆಯವರು ಕೂತು, ಒಂದು ಹಾಡು, ಒಂದು ಓದು, ಒಬ್ಬರಾದ ಮೇಲೊಬ್ಬರ ಪ್ರಾರ್ಥನೆ, ಕೊನೆಗೆ ಚಹಾ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿತು. ಮಿಶನ್ನಿನ ಹಂಚಿನ, ನೇಯ್ಗೆಯ ಕಾರ್ಖಾನೆಗಳು ಕೈಬಿಟ್ಟು ಹೋದವು, ಬರುತ್ತಿದ್ದ ಹಣ ನಿಂತಿತು. ಆದರೆ ಸಭೆಗಳು ಉಳಿದವು. ಪ್ರಾರ್ಥಿಸಲು ಪಾದ್ರಿಯೇ ಬೇಕು ಎಂಬ ಕಟ್ಟಳೆ ಅವುಗಳಿಗೆ ಮೊದಲಿನಿಂದಲೂ ಇರಲಿಲ್ಲವಾದ್ದರಿಂದ, ಹೊರಗಿನ ಆಸರೆ ಹೋದರೂ ಮನೆಗಳೊಳಗಿನ ಜೀವ ಹೋಗಲಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ ಹುಟ್ಟಿ, ಮುಂದೆ ಈ ಭಾಗದ ಬಾಸೆಲ್ ಮಿಶನ್ ಸಭೆಗಳೂ ಅದರಲ್ಲಿ ಸೇರಿದವು. ಆಡಳಿತ ಹಲವು ಬಾರಿ ಬದಲಾಯಿತು. ಸಂಜೆಯ ಮನೆಪ್ರಾರ್ಥನೆ ಬದಲಾಗಲಿಲ್ಲ.

ದನಿಯಿಲ್ಲದವರ ದನಿ

ಈ ಪ್ರಾರ್ಥನೆಯ ಒಂದು ಸಾಮಾಜಿಕ ಫಲವನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂದು ನನಗನ್ನಿಸುತ್ತದೆ. ಒಂದೂವರೆ ಶತಮಾನದ ಹಿಂದೆ ನಮ್ಮ ಹಳ್ಳಿಗಳಲ್ಲಿ ಹೆಂಗಸೊಬ್ಬಳು, ಅದರಲ್ಲೂ ಬಡವಿ, ಅದರಲ್ಲೂ ಕೆಳಜಾತಿ ಎನಿಸಿಕೊಂಡವಳು, ಹತ್ತು ಜನರ ಮುಂದೆ ಬಾಯಿಬಿಟ್ಟು ಮಾತಾಡುವ ಸಂದರ್ಭ ಯಾವುದಿತ್ತು? ಮನೆಪ್ರಾರ್ಥನೆ ಅವಳಿಗೆ ಆ ಸಂದರ್ಭ ಕೊಟ್ಟಿತು. ಪುಸ್ತಕ ಬೇಡ, ಮಂತ್ರ ಬೇಡ, ಓದು ಬರಹ ಬೇಡ. ತನ್ನ ಮನೆಯ ಮಾತಿನಲ್ಲೇ, ತಂದೆಯ ಹತ್ತಿರ ಮಗಳು ಮಾತಾಡಿದಂತೆ, ದೇವರ ಹತ್ತಿರ ಗಟ್ಟಿಯಾಗಿ ಮಾತಾಡಬಹುದಿತ್ತು. ಉಳಿದವರು, ಗಂಡಸರೂ ಸಹ, ತಲೆ ಬಗ್ಗಿಸಿ ಕೇಳಬೇಕಿತ್ತು; ಮುಗಿದಾಗ ‘ಆಮೆನ್’ ಎನ್ನಬೇಕಿತ್ತು. ಅವಳ ಸಾಲ, ಅವಳ ಮಗುವಿನ ಜ್ವರ, ಗಂಡನ ಕುಡಿತ, ಮಳೆಯಿಲ್ಲದ ಹೊಲ ಎಲ್ಲವೂ ಸಭೆಯ ನಡುವೆ ಬಂದವು. ದೇವರ ಮುಂದೆ ಆಡಿದ ಮಾತು ನೆರೆಯವರ ಕಿವಿಗೂ ಬಿತ್ತು. ಮರುದಿನ ಯಾರೋ ಒಬ್ಬರು ಜೋಳದ ಚೀಲ ಹೊತ್ತು ತಂದರೆ, ಇನ್ಯಾರೋ ಗಂಡನಿಗೆ ಬುದ್ಧಿ ಹೇಳಲು ಹೋಗುತ್ತಿದ್ದರು.

ಇದಕ್ಕೆ ಬೈಬಲ್ಲಿನಲ್ಲಿ ಹಳೆಯ ಮೇಲ್ಪಂಕ್ತಿ ಇದೆ. ಮಕ್ಕಳಿಲ್ಲದ ಹನ್ನಳು ಗುಡಿಯಲ್ಲಿ ನಿಂತು ತುಟಿಯಷ್ಟೇ ಅಲುಗಿಸುತ್ತ ಪ್ರಾರ್ಥಿಸಿದಳು. ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ಗದರಿಸಿದ. ಅವಳು ಹೆದರದೆ, ತಾನು ಕುಡಿದಿಲ್ಲ, ತನ್ನ ಎದೆಯ ದುಃಖವನ್ನು ದೇವರೆದುರು ಸುರಿಯುತ್ತಿದ್ದೇನೆ ಎಂದು ಉತ್ತರ ಕೊಟ್ಟಳು. ಯಾಜಕನೇ ತನ್ನ ಮಾತು ತಿದ್ದಿಕೊಂಡು ಆಶೀರ್ವದಿಸಬೇಕಾಯಿತು. ದೇವರೊಂದಿಗೆ ಮಾತಾಡಿದವಳಿಗೆ ಅಧಿಕಾರದಲ್ಲಿರುವವರೊಂದಿಗೂ ಮಾತಾಡುವ ಧೈರ್ಯ ಬರುತ್ತದೆ. ಇಂದು ನಮ್ಮ ಸಭೆಗಳ ಮಹಿಳಾ ಸಂಘಗಳು ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಶುಕ್ರವಾರ ಜಗತ್ತಿನ ಸ್ತ್ರೀಯರೊಂದಿಗೆ ವಿಶ್ವ ಪ್ರಾರ್ಥನಾ ದಿನ ಆಚರಿಸುತ್ತವೆ. ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಆ ಪ್ರಾರ್ಥನೆಗಳನ್ನು ಬರೆಯುತ್ತಾರೆ. ಗದಗ ಜಿಲ್ಲೆಯ ಹೆಣ್ಣುಮಗಳೊಬ್ಬಳು ದೂರದ ದೇಶವೊಂದರ ಹೆಂಗಸರ ಕಷ್ಟವನ್ನು ತನ್ನ ಬಾಯಿಂದ ಹೇಳಿ ಅವರಿಗಾಗಿ ಬೇಡುತ್ತಾಳೆ. ಇಷ್ಟು ಅಗಲವಾದ ಮನಸ್ಸನ್ನು ಬೇರೆ ಯಾವ ಶಾಲೆ ಅವಳಿಗೆ ಕಲಿಸಿತ್ತು?

ಕನ್ನಡದಲ್ಲಿ ದೇವರೊಡನೆ

ಎದೆಯ ಮಾತು ತಾಯ್ನುಡಿಯಲ್ಲೇ ಬರಬೇಕು. ಇದನ್ನು ಬಲ್ಲವರು ಪ್ರಾರ್ಥನೆಗಾಗಿ ಕನ್ನಡವನ್ನು ದುಡಿಸಿಕೊಂಡರು. ಆ ದುಡಿಮೆಯಿಂದ ಕನ್ನಡಕ್ಕೂ ಲಾಭವಾಯಿತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಅದೇ ಮೋಗ್ಲಿಂಗ್ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದ. ಕನ್ನಡಿಗರು ದೇವರೊಡನೆ ಈವರೆಗೆ ಹೇಗೆ ಮಾತಾಡಿದ್ದಾರೆಂದು ತಿಳಿಯದೆ ಕನ್ನಡದಲ್ಲಿ ಪ್ರಾರ್ಥಿಸಲು ಕಲಿಸಲಾಗದು. 1894ರ ನಿಘಂಟಿನಿಂದ ನಮಗೆಲ್ಲ ಪರಿಚಿತನಾದ ಫರ್ಡಿನಾಂಡ್ ಕಿಟೆಲ್, ಅದಕ್ಕೂ ಬಹಳ ಮುಂಚೆ, 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಬರೆದ. ಜರ್ಮನ್ ರಾಗಕ್ಕೆ ಕನ್ನಡ ಪದಗಳನ್ನು ಬಗ್ಗಿಸುವುದಕ್ಕಿಂತ ಕನ್ನಡದ ನಡೆಗೇ ಭಕ್ತಿಯನ್ನು ಒಪ್ಪಿಸುವುದು ಆತನ ದಾರಿ.

ಆ ದಾರಿಯನ್ನು ಪೂರ್ತಿ ನಡೆದವರು ನಮ್ಮವರೇ ಆದ ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ದುಡಿದು, 1962ರಲ್ಲಿ ತೀರಿಕೊಂಡವರು. ಹಳ್ಳಿ ಹಳ್ಳಿ ಅಲೆದು, ಜನರ ಬಾಯಲ್ಲಿದ್ದ, ಓಲೆಗಳಲ್ಲಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ‘ತಿರುಳ್ಗನ್ನಡದ ತಿರುಕ’ ಎಂದು ತಮ್ಮನ್ನು ಕರೆದುಕೊಂಡರು. ಪಂಪನು ಹೊಗಳಿದ ಪುಲಿಗೆರೆಯ ತಿರುಳ್ಗನ್ನಡದ ನೆಲದಲ್ಲಿ ಕೂತಿರುವ ನಿಮಗೆ ಆ ಹೆಸರಿನ ಬೆಲೆ ನಾನು ಹೇಳಬೇಕಾಗಿಲ್ಲ. ನಿಮ್ಮೂರಿಗೆ ಅವರ ಇನ್ನೊಂದು ಋಣವಿದೆ. ಈ ಹುಲಿಗೆರೆಯ ಶರಣ ಆದಯ್ಯನ ವಚನಗಳನ್ನು ಸಂಪಾದಿಸಿದವರಲ್ಲಿ ಈ ಕ್ರೈಸ್ತ ಸಭಾಪಾಲಕರೂ ಒಬ್ಬರು.

ಸ್ವಲ್ಪ ಯೋಚಿಸಿ. ಬೆಳಿಗ್ಗೆ ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸಿ ಎದ್ದ ಮನುಷ್ಯ, ದಿನವಿಡೀ ಸೌರಾಷ್ಟ್ರ ಸೋಮೇಶ್ವರನ ಅಂಕಿತವಿದ್ದ ಓಲೆಗಳನ್ನು ಅಷ್ಟೇ ಶ್ರದ್ಧೆಯಿಂದ ಬಿಡಿಸಿ ಓದುತ್ತಾರೆ. ಅವರು ತಮ್ಮ ನಂಬಿಕೆಯನ್ನು ಸಡಿಲಿಸಿಕೊಂಡವರಲ್ಲ. ಕೊನೆತನಕ ಕ್ರಿಸ್ತಭಕ್ತರಾಗಿಯೇ ಬಾಳಿದರು. ಪ್ರಾರ್ಥನೆ ಆಳಕ್ಕಿಳಿದಷ್ಟೂ ನೆರೆಯವನ ಪ್ರಾರ್ಥನೆಯ ಮೇಲಿನ ಗೌರವ ಹೆಚ್ಚಾಗುತ್ತದೆ ಎಂಬುದಕ್ಕೆ ಉತ್ತಂಗಿಯವರ ಬದುಕಿಗಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಕಾವಿಯುಟ್ಟು ಕನ್ನಡ ಸಂನ್ಯಾಸಿಯಂತೆ ಬಾಳಿದ ಜೆಸುಯಿಟ್ ಸ್ವಾಮಿ ಅನಿಮಾನಂದರೂ ಇದೇ ಬಳಗದವರು.

ಮಲಸಮುದ್ರದ ಪಾಠ

ಇಷ್ಟೆಲ್ಲ ಹೇಳಿ, ಕಷ್ಟದ ಪ್ರಶ್ನೆಯನ್ನು ಬದಿಗಿಟ್ಟರೆ ನಾನು ನಿಮಗೂ ವಿಷಯಕ್ಕೂ ಅನ್ಯಾಯ ಮಾಡಿದಂತೆ. ಪ್ರಾರ್ಥಿಸಿದ್ದೆಲ್ಲ ಸಿಗುತ್ತದೆಯೇ? ಇಲ್ಲ. ನಮ್ಮ ಸೀಮೆಯ ಕ್ರೈಸ್ತ ಚರಿತ್ರೆ ಶುರುವಾದದ್ದೇ ಒಂದು ಸೋಲಿನಿಂದ.

ಗದಗಿನ ಪಕ್ಕದ ಮಲಸಮುದ್ರ ನಿಮಗೆಲ್ಲ ಗೊತ್ತಿರುವ ಊರು. 1840ರ ಸುಮಾರಿಗೆ ಧಾರವಾಡದ ಮಿಶನರಿಗಳನ್ನು ಕಾಲಜ್ಞಾನದ ಪಂಥದ ಜನ ಬಂದು ಕಂಡರು. ತಮ್ಮ ಕಾಲಜ್ಞಾನದ ಹೊತ್ತಿಗೆಗಳಲ್ಲಿ ಪಶ್ಚಿಮದಿಂದ ಬರುವ ಬೋಧನೆಯ ಸೂಚನೆ ಇದೆಯೆಂದು ಅವರ ನಂಬಿಕೆ. ಸಾವಿರಾರು ಜನ ಒಮ್ಮೆಲೇ ಸಭೆಗೆ ಸೇರುತ್ತಾರೆಂದು ಮಿಶನರಿಗಳು ಹಿಗ್ಗಿದರು. ಇಷ್ಟು ವರ್ಷಗಳ ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರ ಇದೇ ಎಂದುಕೊಂಡರು. 1841ರಲ್ಲಿ ಮಲಸಮುದ್ರದಲ್ಲಿ ಭೂಮಿ ಪಡೆದು, ಬರುವವರಿಗೆ ಬೇಸಾಯ ಮಾಡಿಕೊಂಡು ಬಾಳಲು ಕ್ರೈಸ್ತ ವಸಾಹತು ಕಟ್ಟಲು ಹೊರಟರು. ಬರುತ್ತಾರೆಂದವರು ಬರಲಿಲ್ಲ. ಯೋಜನೆ ಕುಸಿಯಿತು.

ಈ ಸೋಲಿನಲ್ಲಿ ಎರಡು ಪಾಠಗಳಿವೆ. ನಮ್ಮ ಆಸೆಯನ್ನೇ ದೇವರ ಉತ್ತರ ಎಂದು ತಿಳಿಯುವ ಅವಸರ ಪ್ರಾರ್ಥಿಸುವವರಿಗೆ ಸದಾ ಕಾದಿರುವ ಅಪಾಯ, ಇದು ಮೊದಲನೆಯದು. ಎರಡನೆಯದು ಇಂದಿಗೂ ಬೇಕಾದ್ದು. ಪ್ರಾರ್ಥನೆಯ ಜೊತೆಗೆ ಭೂಮಿಯ ಆಸೆ, ಲಾಭದ ಭರವಸೆ ಬೆರೆತರೆ ಪ್ರಾರ್ಥನೆಯೂ ಕೆಡುತ್ತದೆ, ಮನುಷ್ಯರ ನಡುವಿನ ನಂಬಿಕೆಯೂ ಕೆಡುತ್ತದೆ. ಯಾರನ್ನಾದರೂ ಸೆಳೆಯುವ ಬಲೆಯಾಗಿ ಪ್ರಾರ್ಥನೆಯನ್ನು ಬಳಸಿದ ಕ್ಷಣವೇ ಅದು ಪ್ರಾರ್ಥನೆಯಾಗಿ ಉಳಿಯುವುದಿಲ್ಲ. ರೋಗಿಯ ಹಾಸಿಗೆಯ ಪಕ್ಕ ನಿಂತು ಬೇಡುವಾಗ ಕ್ರೈಸ್ತನ ಮನಸ್ಸಿನಲ್ಲಿ ರೋಗಿಯ ಹಿತವೊಂದೇ ಇರಬೇಕು. ಅವನು ಯಾವ ದೇವರನ್ನು ನಂಬುತ್ತಾನೆ ಎಂಬ ಲೆಕ್ಕ ಇರಬಾರದು.

ಮಲಸಮುದ್ರಕ್ಕಿಂತ ದೊಡ್ಡ ಪರೀಕ್ಷೆ 1876ರಿಂದ 1878ರವರೆಗಿನ ಬರ. ನಮ್ಮ ಧಾರವಾಡ ಜಿಲ್ಲೆ ಆ ಬರದಲ್ಲಿ ಬೆಂದುಹೋಯಿತು. ಗುಡಿಯಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ ಎಲ್ಲೆಡೆ ಮಳೆಗಾಗಿ ಮೊರೆಯಿಟ್ಟರು. ಮಳೆ ಬರುವ ಮುಂಚೆ ಜನ ಸತ್ತರು. ಆ ದಶಕದ ಬರದಲ್ಲೇ ನಮ್ಮ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಹುಡುಗಿಯೊಬ್ಬಳು ತಂದೆ ತಾಯಿ ಇಬ್ಬರನ್ನೂ ಹಸಿವಿನಲ್ಲಿ ಕಳೆದುಕೊಂಡಳು. ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಆಕೆ. ಆ ಕುಟುಂಬ ಮಾಡದ ವ್ರತವಿಲ್ಲ, ಸುತ್ತದ ಕ್ಷೇತ್ರವಿಲ್ಲ. ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾದ ಆಕೆ 1883ರಲ್ಲಿ ಕ್ರೈಸ್ತರಾದರು. ಹಸಿವೆಂದರೇನೆಂದು ತಮ್ಮ ಮೈಯಲ್ಲೇ ಅರಿತಿದ್ದ ಅವರು 1896ರ ಬರ ಬಂದಾಗ ಮಧ್ಯಪ್ರಾಂತಗಳಿಗೆ ಹೋಗಿ ನೂರಾರು ಬಾಲವಿಧವೆಯರನ್ನು, ಅನಾಥ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವದ ‘ಮುಕ್ತಿ’ಯಲ್ಲಿ ಅನ್ನ, ಅಕ್ಷರ, ಕಸುಬು ಕೊಟ್ಟರು. ಅಲ್ಲಿ ಪ್ರಾರ್ಥನೆಯೂ ಮಗ್ಗವೂ ಅಚ್ಚಿನ ಮನೆಯೂ ಒಂದೇ ಅಂಗಳದಲ್ಲಿದ್ದವು. ಅವರ ಮಗಳು ಮನೋರಮಾ ನಮ್ಮ ಕಲಬುರ್ಗಿಯಲ್ಲಿ ಶಾಲೆ ತೆರೆದರು.

ಉತ್ತರ ಸಿಗದ ಪ್ರಾರ್ಥನೆಯನ್ನು ಬೈಬಲ್ ಮುಚ್ಚಿಡುವುದಿಲ್ಲ. ನೂರೈವತ್ತು ಕೀರ್ತನೆಗಳಲ್ಲಿ ಬಹಳಷ್ಟು ಗೋಳಿನವು. ಎಂಬತ್ತೆಂಟನೆಯ ಕೀರ್ತನೆ ಬೆಳಕಿನ ಒಂದು ಗೆರೆಯೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಪೌಲನು ತನ್ನ ದೇಹದ ನೋವನ್ನು ತೆಗೆಯೆಂದು ಮೂರು ಬಾರಿ ಬೇಡಿದ; ನೋವು ಹೋಗಲಿಲ್ಲ. ಗೆತ್ಸೆಮನೆ ತೋಟದಲ್ಲಿ ಸ್ವತಃ ಯೇಸು ತನ್ನೆದುರಿನ ಸಾವಿನ ಪಾತ್ರೆ ದಾಟಿಹೋಗಲಿ ಎಂದು ಬೇಡಿದ, ದಾಟಿಹೋಗಲಿಲ್ಲ. ಆದರೆ ಆ ತೋಟಕ್ಕೆ ಹೋದಾಗಿನ ತಳಮಳ, ಅಲ್ಲಿಂದ ಎದ್ದು ಬಂದಾಗ ಇರಲಿಲ್ಲ. ತನ್ನನ್ನು ಹಿಡಿಯಲು ಬಂದವರೆದುರು ತಾನೇ ಮುಂದೆ ನಡೆದು, ತನ್ನವರನ್ನು ಬಿಟ್ಟುಬಿಡಿ ಎಂದ. ಶಿಲುಬೆಯ ಮೇಲೆ ಮೊಳೆ ಹೊಡೆದವರಿಗಾಗಿಯೇ ಬೇಡಿದ. ಕೇಳಿದ್ದು ಸಿಗದ ಪ್ರಾರ್ಥನೆಯೂ ಕೇಳಿದವನನ್ನು ಇತರರಿಗಾಗಿ ನಿಲ್ಲುವವನನ್ನಾಗಿ ಮಾಡಬಲ್ಲದು. ಕ್ರೈಸ್ತನ ಇಡೀ ನಂಬಿಕೆ ನಿಂತಿರುವುದು ಈ ಉತ್ತರ ಸಿಗದ ಪ್ರಾರ್ಥನೆಯ ಮೇಲೆ.

ಕೈಗಿಳಿದ ಪ್ರಾರ್ಥನೆ

ಮಲಸಮುದ್ರ ಸೋತ ಮೇಲೆ ಮಿಶನ್ ಬೆಟಗೇರಿಯನ್ನು ಬಿಟ್ಟು ಹೋಗಲಿಲ್ಲ. ಶಾಲೆ ತೆರೆಯಿತು, ನೇಕಾರರ ನಡುವೆ ದುಡಿಯಿತು. 20ನೆಯ ಶತಮಾನದ ಆದಿಯಲ್ಲಿ ಆಸ್ಪತ್ರೆ ಬಂತು. ಗದಗ, ರೋಣ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಜನ ‘ಜರ್ಮನ್ ಆಸ್ಪತ್ರೆ’ಗೆ ಹೋಗುತ್ತಿದ್ದ ನೆನಪು ನಿಮ್ಮಲ್ಲಿ ಅನೇಕರ ಮನೆಗಳಲ್ಲಿರಬೇಕು. ಅಲ್ಲಿ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಜನ ಕ್ರೈಸ್ತರಲ್ಲ. ಗುಣವಾಗಿ ಹೋದ ಮೇಲೂ ಆಗಲಿಲ್ಲ. ಮಲಸಮುದ್ರದ ಪಾಠವನ್ನು ಬೆಟಗೇರಿಯ ಆಸ್ಪತ್ರೆ ಕಲಿತಿತ್ತು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ.

ನಮ್ಮ ಶರಣರಿಗೆ ಈ ಮಾತು ಹೊಸದಲ್ಲ. ಕಾಯಕವನ್ನು ಪೂಜೆಯಿಂದ ಬೇರ್ಪಡಿಸದ ನಾಡು ಇದು. ಕ್ರೈಸ್ತ ಪರಂಪರೆಯಲ್ಲೂ ಆರನೆಯ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠವಾಸಿಗಳ ದಿನವನ್ನು ಪ್ರಾರ್ಥನೆಗೂ ದುಡಿಮೆಗೂ ಹಂಚಿಕೊಟ್ಟಿದ್ದ. 1944ರಲ್ಲಿ ಹಿಟ್ಲರನ ಸೆರೆಮನೆಯಲ್ಲಿದ್ದ ಜರ್ಮನ್ ಪಾದ್ರಿ ಡೀಟ್ರಿಕ್ ಬೊನ್‌ಹೋಫರ್ ಬರೆದ ಪತ್ರವೊಂದರ ತಾತ್ಪರ್ಯ ಇದು: ಇನ್ನು ಮುಂದೆ ಕ್ರೈಸ್ತನಾಗಿರುವುದಕ್ಕೆ ಎರಡೇ ರೂಪಗಳು ಉಳಿದಿವೆ, ಒಂದು ಪ್ರಾರ್ಥನೆ, ಇನ್ನೊಂದು ಜನರ ನಡುವೆ ನ್ಯಾಯದ ನಡೆ. ಮರುವರ್ಷ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ನ್ಯಾಯದ ನಡೆಗೆ ಅವರು ತೆತ್ತ ಬೆಲೆ ಅದು.

ಇಂದಿನ ನಮ್ಮ ಮನೆಗಳಿಗೆ

ಕೊನೆಯಲ್ಲಿ ಕೆಲವು ಮಾತುಗಳನ್ನು ನನ್ನ ಕ್ರೈಸ್ತ ಬಂಧುಗಳಿಗೆ ನೇರವಾಗಿ ಹೇಳುತ್ತೇನೆ. ಉಳಿದವರು ತಮಗೆ ಒಪ್ಪಿದ್ದನ್ನು ಇಟ್ಟುಕೊಳ್ಳಲಿ.

ಮನೆಪ್ರಾರ್ಥನೆ ನಮ್ಮ ಮನೆಗಳಲ್ಲಿ ಸೊರಗುತ್ತಿದೆ. ಮಕ್ಕಳು ಬೆಂಗಳೂರು, ಪುಣೆಗಳಲ್ಲಿ. ಹಿರಿಯರು ಟಿವಿಯ ಮುಂದೆ. ಮೊಬೈಲಿನಲ್ಲಿ ಬಂದ ಪ್ರಾರ್ಥನೆಯ ವಿಡಿಯೋವನ್ನು ಹತ್ತು ಜನರಿಗೆ ಕಳಿಸಿದರೆ ಪ್ರಾರ್ಥಿಸಿದಂತಾಯಿತು ಎಂಬ ಭಾವನೆ ಬೆಳೆಯುತ್ತಿದೆ. ಗಟ್ಟಿ ದನಿ, ಧ್ವನಿವರ್ಧಕ, ದುಡ್ಡಿಗೆ ಪ್ರತಿಯಾಗಿ ಪವಾಡದ ಭರವಸೆ ಇವು ಕೆಲವೆಡೆ ಪ್ರಾರ್ಥನೆಯ ಜಾಗವನ್ನು ಹಿಡಿದಿವೆ. ಬೀದಿ ಮೂಲೆಯಲ್ಲಿ ನಿಂತು ಜನ ನೋಡಲೆಂದು ಪ್ರಾರ್ಥಿಸಬೇಡಿ ಎಂದ ಯೇಸುವಿನ ಎಚ್ಚರಿಕೆಯನ್ನು ಹಾಗೆ ಪ್ರಾರ್ಥಿಸುವವರು ಮತ್ತೆ ಓದಬೇಕು. ಗುಡಿಗೆ ಹೋದ ಇಬ್ಬರ ಕಥೆಯನ್ನೂ ಓದಬೇಕು: ತಾನು ಎಲ್ಲರಂಥವನಲ್ಲ ಎಂದು ದೇವರಿಗೆ ವಂದಿಸಿದ ಫರಿಸಾಯ ಬರಿಗೈಯಲ್ಲಿ ಮನೆಗೆ ಹೋದ, ಎದೆ ಬಡಿದುಕೊಂಡು ಕರುಣೆ ಬೇಡಿದ ಸುಂಕದವನು ನೀತಿವಂತನಾಗಿ ಹೋದ. ನೆರೆಯವರನ್ನು ಕೀಳಾಗಿ ಕಾಣುವ ಪ್ರಾರ್ಥನೆ ಎಷ್ಟು ಉದ್ದವಾಗಿದ್ದರೂ ದೇವರನ್ನು ಮುಟ್ಟದು ಎಂಬುದು ಆ ಕಥೆಯ ತೀರ್ಪು.

ಹಾಗಾದರೆ ಏನು ಮಾಡಬೇಕು? ನಾನು ಹೇಳುವುದು ಬಹಳ ಸರಳ. ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಮನಸ್ಸು ಬಂದಾಗ ಪ್ರಾರ್ಥಿಸುತ್ತೇನೆ ಎಂದವರು ಕ್ರಮೇಣ ಪ್ರಾರ್ಥಿಸುವುದನ್ನೇ ಬಿಡುತ್ತಾರೆ. ಒಂದು ಕೀರ್ತನೆ ಓದಿ, ಸುಮ್ಮನೆ ಸ್ವಲ್ಪ ಹೊತ್ತು ಕೂಡಿ. ನಿಮ್ಮ ಕಷ್ಟವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಿ. ಸಿಟ್ಟಿದ್ದರೆ ಸಿಟ್ಟನ್ನೂ ಹೇಳಿ, ಕೀರ್ತನೆಗಾರರು ಹೇಳಿದ್ದಾರೆ. ಆಮೇಲೆ ಹೆಸರು ಹಿಡಿದು ಇತರರಿಗಾಗಿ ಬೇಡಿ. ನಿಮ್ಮ ಓಣಿಯ ರೋಗಿಗಾಗಿ, ಮೆಣಸಿನಕಾಯಿಗೆ ಬೆಲೆ ಸಿಗದ ರೈತನಿಗಾಗಿ, ಕೆಲಸ ಸಿಗದ ಹುಡುಗನಿಗಾಗಿ, ನಿಮ್ಮನ್ನು ನೋಯಿಸಿದವರಿಗಾಗಿ. ಆ ಪಟ್ಟಿಯಲ್ಲಿ ನಿಮ್ಮ ಧರ್ಮದವರಲ್ಲದವರ ಹೆಸರು ಇರಲೇಬೇಕು. ಅಬ್ರಹಾಮನು ದೇವರೊಡನೆ ಐವತ್ತರಿಂದ ಹತ್ತಕ್ಕೆ ಚೌಕಾಸಿ ಮಾಡಿ ಪ್ರಾಣಭಿಕ್ಷೆ ಕೇಳಿದ್ದು ತನ್ನವರ ಊರಿಗಲ್ಲ, ಸೊದೋಮಿಗೆ. ಪ್ರಾರ್ಥನೆ ಮುಗಿಸಿ ಎದ್ದಾಗ, ಆ ಹೆಸರುಗಳಲ್ಲಿ ಒಂದಕ್ಕಾದರೂ ನಿಮ್ಮ ಕೈಯಿಂದ ಆಗುವ ಒಂದು ಕೆಲಸ ಮಾಡಿ. ಒಂದು ಭೇಟಿ, ಒಂದು ಫೋನು, ಒಂದು ಸೇರು ಜೋಳ, ಒಂದು ಕ್ಷಮೆ.

ಮಕ್ಕಳಿಗೂ ಇದನ್ನೇ ಕಲಿಸಿ. ಪರೀಕ್ಷೆಯಲ್ಲಿ ಅಂಕ ಕೊಡು ಎಂದು ಬೇಡುವ ಮಗುವಿಗೆ, ಪಕ್ಕದ ಬೆಂಚಿನ ಹುಡುಗನಿಗೂ ಕೊಡು ಎಂದು ಬೇಡಲು ಕಲಿಸಿದರೆ ಪ್ರಾರ್ಥನೆಯ ಅರ್ಧ ಶಾಸ್ತ್ರವನ್ನು ಕಲಿಸಿದಂತೆ.

ಬಂಧುಗಳೇ, ಹುಲಿಗೆರೆಯಲ್ಲಿ ಶತಮಾನಗಳಿಂದ ಹಲವು ಹೆಸರುಗಳಲ್ಲಿ ದೇವರನ್ನು ಕರೆಯುತ್ತ ಬಂದಿದ್ದೇವೆ. ಹೆಸರುಗಳ ನಡುವಿನ ಭೇದ ನಿಜವಾದದ್ದು. ಅದನ್ನು ಅಳಿಸಲು ನಾನು ಬಂದಿಲ್ಲ, ಉತ್ತಂಗಿಯವರೂ ಅಳಿಸಲಿಲ್ಲ. ಆದರೆ ಒಬ್ಬ ಕ್ರೈಸ್ತನ ಪ್ರಾರ್ಥನೆ ನಿಜವೋ ಸುಳ್ಳೋ ಎಂದು ನೀವು ತಿಳಿಯಬೇಕಿದ್ದರೆ ಅವನ ಚರ್ಚಿಗೆ ಹೋಗಬೇಕಾಗಿಲ್ಲ. ನಿಮಗೆ ಕಷ್ಟ ಬಂದ ದಿನ ಅವನು ನಿಮ್ಮ ಮನೆಗೆ ಬಂದನೇ ನೋಡಿ. ಬಂದರೆ ಅವನು ಪ್ರಾರ್ಥಿಸುತ್ತಿದ್ದಾನೆ. ಬಾರದಿದ್ದರೆ ಅವನನ್ನು ಕೇಳುವ ಹಕ್ಕು ನಿಮಗಿದೆ. ಆ ಹಕ್ಕನ್ನು ಈ ಸಭೆಯಲ್ಲಿ, ನನ್ನನ್ನೂ ಸೇರಿಸಿ, ಎಲ್ಲ ಕ್ರೈಸ್ತರ ಪರವಾಗಿ ನಿಮ್ಮ ಕೈಗೆ ಒಪ್ಪಿಸುತ್ತೇನೆ.